ಮಣ್ಣಿನ ಕೋಟೆಯ ಮೇಲಿಂದ

ನನ್ನ ಗೆಳತಿ ಒಮಾನ್ ದೇಶಕ್ಕೆ ಹೋಗಿ ಮೂವತ್ತು ವರ್ಷದ ಹತ್ತಿರ ಬಂದಿತ್ತು. ಇನ್ನು ಎಲ್ಲ ಕಟ್ಟಿಕೊಂಡು ಕಾಯಂ ಊರಿಗೆ ಬಂದುಬಿಡುವುದು ಅಂತ ಗಂಡ ಹೆಂಡತಿ ನಿಶ್ಚಯ ಮಾಡಿದ್ದರು. ಆ ಚಳಿಗಾಲದಲ್ಲಿ ಒಂದು ದಿನ ಫೋನ್ ಮಾಡಿ, "ನಾ ಬರೂದರೊಳಗ ನೀ ಒಮ್ಮೆ ಇಲ್ಲಿಗೆ ಬಂದು ಹೋಗು" ಅಂದಳು.

"ನೀನ ಬರಾಕತ್ತೀಯಲ್ಲ, ಮತ್ತ ನಾ ಯಾಕ ಅಲ್ಲಿಗೆ ಬರಲಿ?" ಅಂದೆ.

"ಇಲ್ಲಿ ಭಾಳ ಕ್ವಾಟಿ ಅದಾವ. ಇಷ್ಟ ವರ್ಷ ಇದ್ದು ಒಂದೂ ನೋಡಿಲ್ಲ ನಾ. ಒಬ್ಬಾಕೀನ ಹೋಗಾಕ ಮನಸ ಬರೂದಿಲ್ಲ. ನೀ ಬಂದ್ರ ನೋಡತೀನಿ."

ಒಬ್ಬಳೇ ಯಾಕೆ, ಕೋಟೆ ತೋರಿಸಲು ಗಂಡ ಇದ್ದಾರಲ್ಲ ಅಂತ ಕೇಳಬೇಕೆನಿಸಿತು. ಕೇಳಲಿಲ್ಲ. ಫೋನಿನಲ್ಲಿ ಅವಳ ದನಿ ಸ್ವಲ್ಪ ಬೇರೆಯಾಗಿತ್ತು. ಕೆಲವು ಮಾತುಗಳನ್ನು ಎದುರಿಗೆ ಕೂತಾಗಲೇ ಆಡುವವಳು ಅವಳು.

ನಾವಿಬ್ಬರೂ ಗಜೇಂದ್ರಗಡದ ಒಂದೇ ಓಣಿಯಲ್ಲಿ ಹುಟ್ಟಿದವರು. ನಮ್ಮದು ಮಗ್ಗದ ಮನೆ. ಅವಳ ಅಪ್ಪ ತಾಮ್ರ ಹಿತ್ತಾಳೆ ಪಾತ್ರೆಗಳಿಗೆ ಕಲಾಯಿ ಹಾಕುತ್ತಿದ್ದರು. ನಮ್ಮ ಮನೆಯಿಂದ ಮಗ್ಗದ ಸಪ್ಪಳ ಅವರ ಮನೆಗೆ ಹೋಗುತ್ತಿತ್ತು, ಅವರ ಮನೆಯಿಂದ ಕಲಾಯಿಗೆ ಹಾಕುವ ನವಸಾಗರದ ಬಿಳಿ ಹೊಗೆ ನಮ್ಮ ಮನೆಗೆ ಬರುತ್ತಿತ್ತು. ಸಾಲಿ ಬಿಟ್ಟ ಮೇಲೆ ಗುಡ್ಡ ಹತ್ತಿ ಕೋಟೆಯೊಳಗೆ ಕವಳಿ ಹಣ್ಣು ಹುಡುಕುವುದು, ಬಂಡೆ ಕೊರೆದು ಮಾಡಿದ ಹೊಂಡದಲ್ಲಿ ಕಾಲು ಇಳಿಬಿಟ್ಟು ಕೂರುವುದು, ಕೆಳಗೆ ಇರುವೆಗಳ ಹಾಗೆ ಕಾಣುವ ಬಸ್ ಸ್ಟ್ಯಾಂಡಿನ ಮಂದಿಯಲ್ಲಿ ನಮ್ಮ ಅಪ್ಪಂದಿರು ಯಾರು ಅಂತ ಗುರುತು ಹಿಡಿಯುವುದು, ಇದು ನಮ್ಮ ಆಟ.

ಆಮೇಲೆ ಅವಳನ್ನು ನರಗುಂದದ ಒಬ್ಬ ಟೇಲರಿಗೆ ಕೊಟ್ಟರು. ಅವರನ್ನು ಆಗಿನಿಂದಲೂ ನಾನು ಭಾಯಿ ಅಂತಲೇ ಕರೆಯುವುದು. ನರಗುಂದದ ಗುಡ್ಡದ ಬುಡದಲ್ಲಿ ಎರಡು ವರ್ಷ ಇದ್ದರು. ಆಮೇಲೆ ಭಾಯಿಗೆ ಒಮಾನಿನಲ್ಲಿ ಹೊಲಿಗೆ ಕೆಲಸ ಸಿಕ್ಕಿತು, ಅವಳೂ ಹಿಂದೆಯೇ ಹೋದಳು. ನನ್ನನ್ನು ಪಕ್ಕದ ಓಣಿಗೇ ಕೊಟ್ಟರು. ಮನೆಯಲ್ಲಿ ಮಗ್ಗ, ಹಗಲು ಅಂಗನವಾಡಿಯ ಮಕ್ಕಳು, ಹೀಗೆ ನನ್ನ ದಿನ ಕಳೆದವು. ಎರಡು ವರ್ಷಕ್ಕೊಮ್ಮೆ ಬೇಸಿಗೆ ಸೂಟಿಯಲ್ಲಿ ಅವಳು ಬಂದಾಗ ಕೂತು ಮಾತಾಡುತ್ತಿದ್ದೆವು. ನಾನು ಊರಿನ ಸುದ್ದಿ ಹೇಳುತ್ತಿದ್ದೆ. ಅವಳು ಖರ್ಜೂರ ಕೊಡುತ್ತಿದ್ದಳು.

ಪರದೇಶಕ್ಕೆ ಹೋಗುವ ಮಾತು ಎತ್ತಿದಾಗ ಮನೆಯವರು ಮಗ್ಗದ ಮುಂದಿನಿಂದ ಏಳದೆಯೇ, "ಹೋಗಿ ಬಾ. ಅನ್ನ ಮಾಡಾಕ ಬರತೈತಿ ನನಗ" ಅಂದರು. ಅಷ್ಟೇ. ಕಟಕ ರೊಟ್ಟಿ, ಗುರೆಳ್ಳು ಹಿಂಡಿ, ನಮ್ಮ ಮಗ್ಗದ್ದೇ ಒಂದು ಪಟ್ಟೇದಂಚಿನ ಸೀರೆ ಕಟ್ಟಿಕೊಂಡು ನಾನು ಮೊಟ್ಟಮೊದಲ ಬಾರಿಗೆ ವಿಮಾನ ಹತ್ತಿದೆ.

ವಿಮಾನದ ಕಿಟಕಿಯಿಂದ ಮೊದಲು ಕಂಡದ್ದು ಸಮುದ್ರ, ಆಮೇಲೆ ಗುಡ್ಡ. ನಮ್ಮ ಕಡೆಯ ಗುಡ್ಡಗಳ ಮೈಮೇಲಿನ ಹುಲ್ಲು, ಗಿಡ, ಕುರಿ ಎಲ್ಲವನ್ನೂ ಯಾರೋ ಕೈಯಿಂದ ಒರೆಸಿ ತೆಗೆದ ಹಾಗಿತ್ತು. ಬರೀ ಕಲ್ಲು ಉಳಿದಿತ್ತು. ಅದರ ಮೇಲೆ ಬಿದ್ದ ಬಿಸಿಲಿಗೆ ಒಂದು ಗುಡ್ಡ ಗುಲಾಬಿ, ಇನ್ನೊಂದು ಬೂದಿ, ಅದರ ಹಿಂದಿನದು ನೀಲಿ. ನಿದ್ದೆಯಲ್ಲಿ ನಮ್ಮ ಊರನ್ನೇ ಕಂಡರೆ ಹೀಗೇ ಕಾಣುತ್ತದೇನೋ ಅನಿಸಿತು. ಎಲ್ಲ ಗೊತ್ತಿದ್ದದ್ದೇ, ಆದರೆ ಯಾವುದೂ ಅದರ ಜಾಗದಲ್ಲಿಲ್ಲ.

ಭಾಯಿ ಕಾರು ತಂದಿದ್ದರು. ಅವರಿದ್ದ ಊರಿನ ಹೆಸರು ಬಹ್ಲಾ. ಮಸ್ಕತ್ತಿನಿಂದ ಎರಡು ಮೂರು ತಾಸಿನ ದಾರಿ. ಸಂಜೆ ಊರು ಮುಟ್ಟುವಾಗ ತಿರುವಿನಲ್ಲಿ ಖರ್ಜೂರದ ತೋಟಗಳ ಮೇಲೆ ಅದು ಎದ್ದು ನಿಂತಿತ್ತು. ನಾನು ಮೊದಲು ಗುಡ್ಡ ಅಂದುಕೊಂಡೆ. ಗುಡ್ಡಕ್ಕೆ ಕಿಟಕಿ ಇದ್ದವು.

"ಅದ ನಮ್ಮ ಊರ ಕ್ವಾಟಿ ನೋಡ್ರಿ ಅಕ್ಕಾರ" ಅಂದರು ಭಾಯಿ. "ಪೂರಾ ಮಣ್ಣಿಂದು. ನಾವು ಬಂದಾಗ ರಿಪೇರಿ ನಡದಿತ್ತು. ಭಾಳ ವರ್ಷ ಯಾರನ್ನೂ ಒಳಗ ಬಿಡತಿದ್ದಿಲ್ಲ."

"ಈಗ ಬಿಡತಾರಲ್ಲ?"

"ಈಗ ಬಿಡತಾರ" ಅಂದರು. ಹಿಂದಿನ ಸೀಟಿನಲ್ಲಿ ನನ್ನ ಪಕ್ಕ ಕೂತಿದ್ದ ಗೆಳತಿ ನನ್ನ ಕೈ ಹಿಡಿದುಕೊಂಡಿದ್ದಳು.

ಕೆಳಗೆ ಭಾಯಿಯ ಅಂಗಡಿ, ಮೇಲೆ ಅವರ ಮನೆ. ಮುಂದಿನ ಕೋಣೆಯಲ್ಲಿ ದೊಡ್ಡ ಕಿಟಕಿಯೊಂದಿತ್ತು, ಅದಕ್ಕೆ ದಪ್ಪನೆಯ ಪರದೆ. ಮರುದಿನ ಮುಂಜಾನೆ ನಾನು ಎದ್ದು ಪರದೆ ಸರಿಸಿದರೆ ಇಡೀ ಕೋಟೆ ಕಿಟಕಿಯಲ್ಲಿತ್ತು. ಹೊಸದಾಗಿ ತಟ್ಟಿದ ರೊಟ್ಟಿಯ ಬಣ್ಣದ ಗೋಡೆಗಳು. ಬುರುಜುಗಳ ಮೂಲೆ ಚೂಪಾಗಿಲ್ಲ, ಮಳೆಗೆ ಗಾಳಿಗೆ ಸವೆದು ದುಂಡಗಾಗಿವೆ. ಪಾರಿವಾಳಗಳು ಒಳಗಿನಿಂದ ಹೊರಗೆ, ಹೊರಗಿನಿಂದ ಒಳಗೆ ಹೋಗಿ ಬರುತ್ತಿದ್ದವು. ನಾನು ಚಹಾ ಆರುವವರೆಗೆ ನೋಡುತ್ತ ನಿಂತೆ. ಗೆಳತಿ ಬಂದು, "ಬಿಸಲ ಬೀಳತೈತಿ" ಅಂತ ಪರದೆ ಎಳೆದಳು. ಅದು ಎಳೆ ಬಿಸಿಲು, ಚಳಿಗೆ ಹಿತವಾಗಿತ್ತು.

ಮೊದಲು ನಿಜ್ವಾ ನೋಡೋಣ ಅಂದಳು. ನಿಜ್ವಾದ ಕೋಟೆಯ ಬುರುಜು ದೊಡ್ಡ ಕಣಜದ ಹಾಗೆ ದುಂಡಗಿದೆ. ಮೇಲೆ ಹತ್ತುವ ಮೆಟ್ಟಿಲು ಅಲ್ಲಲ್ಲಿ ತಿರುಗುತ್ತದೆ, ಪ್ರತಿ ತಿರುವಿಗೂ ಒಂದು ದಪ್ಪ ಬಾಗಿಲು, ಬಾಗಿಲ ತಲೆಯ ಮೇಲೆ ಒಂದು ತೂತು. ವೈರಿಗಳು ಬಂದರೆ ಆ ತೂತಿನಿಂದ ಕಾಸಿದ ಖರ್ಜೂರದ ಪಾಕ ಸುರಿಯುತ್ತಿದ್ದರಂತೆ. ಗೋಡೆಯ ಮೇಲೆ ಅರಬ್ಬಿಯಲ್ಲಿ ಬರೆದದ್ದನ್ನು ಗೆಳತಿ ಓದಿ ಹೇಳಿದಳು.

"ನಮ್ಮ ಗಾಣದಾಗಿನ ಬೆಲ್ಲದ ಪಾಕ ಇದ್ದಾಂಗಲ್ಲ" ಅಂದೆ ನಾನು.

"ಹೂಂ. ಪಾಪ, ಸಾಯೂಮುಂದ ನಾಲಗಿ ಹೊರಗ ಹಾಕಿದವ ಸಿಹಿ ತಿಂದ ಸತ್ತಾನು."

ಇಬ್ಬರಿಗೂ ನಗು ತಡೆಯಲಿಲ್ಲ. ಎದುರಿಗೆ ಹತ್ತುತ್ತಿದ್ದ ಬಿಳಿ ಮಂದಿಯ ಗುಂಪೊಂದು ಬದಿಗೆ ಸರಿದು ನಮಗೆ ದಾರಿ ಬಿಟ್ಟಿತು. ಗೋಡೆ ಹಿಡಿದುಕೊಂಡು ನಗುತ್ತಿದ್ದ ಅವಳಲ್ಲಿ ನಾನು ಕವಳಿ ಹಣ್ಣು ತಿಂದು ನಾಲಗೆ ಕೆಂಪಾದ ಹುಡುಗಿಯನ್ನು ಕಂಡೆ.

ಮರುದಿನ ಜಬ್ರೀನ್ ಅನ್ನುವ ಕೋಟೆಗೆ ಹೋದೆವು. ಅದು ಕೋಟೆ ಅನ್ನುವುದಕ್ಕಿಂತ ಅರಮನೆ. ಬಯಲಿನ ನಡುವೆ ಒಂದೇ ಒಂದು ಕಟ್ಟಡ, ಸುತ್ತ ಖರ್ಜೂರದ ಗಿಡ. ಒಳಗೆ ಹೋದರೆ ಕೋಣೆಯಿಂದ ಕೋಣೆ, ಮೆಟ್ಟಿಲಿನಿಂದ ಮೆಟ್ಟಿಲು. ಯಾವ ಮಹಡಿಯಲ್ಲಿದ್ದೇವೆ ಅನ್ನುವುದು ಬೇಗನೆ ಮರೆತುಹೋಯಿತು. ಅದನ್ನು ಕಟ್ಟಿಸಿದ ದೊರೆ ತನ್ನ ಕುದುರೆಯನ್ನು ಮೇಲಿನ ಮಹಡಿಯಲ್ಲಿ, ತನ್ನ ಮಲಗುವ ಕೋಣೆಯ ಹತ್ತಿರವೇ ಕಟ್ಟುತ್ತಿದ್ದನಂತೆ. ಆ ಕುದುರೆಯ ಕೋಣೆಯಲ್ಲಿ ನಾವು ತುಸು ಹೊತ್ತು ನಿಂತೆವು. ಮೆಟ್ಟಿಲು ಹತ್ತಿ ಬರುವ ಕುದುರೆಯ ಗೊರಸಿನ ಸಪ್ಪಳ ಆ ಗೋಡೆಗಳಲ್ಲಿ ಇನ್ನೂ ಎಲ್ಲೋ ಸಿಕ್ಕಿಕೊಂಡಿದೆ ಅನಿಸುತ್ತಿತ್ತು.

ಸೂರ್ಯ ಚಂದ್ರರ ಕೋಣೆ ಅಂತ ಒಂದಿದೆ. ಕಿಟಕಿಗಳು ಎರಡು ಸಾಲು. ಮೇಲಿನ ಸಾಲಿನಿಂದ ಬಿಸಿ ಗಾಳಿ ಹೊರಗೆ ಹೋಗುತ್ತದೆ, ಕೆಳಗಿನ ಸಾಲಿನಿಂದ ತಂಪು ಒಳಗೆ ಬರುತ್ತದೆ. ಚಾವಣಿಯ ತೊಲೆಗಳ ಮೇಲೆಲ್ಲ ಕೆಂಪು, ಕಪ್ಪು ಹೂಬಳ್ಳಿ ಬರೆದಿದ್ದಾರೆ. ನಾವು ಗೋಡೆಗೆ ಒರಗಿ ಕೂತೆವು. ತಲೆ ಎತ್ತಿ ನೋಡುತ್ತ ನೋಡುತ್ತ ನನಗೆ ಹಾಗೇ ಜೋಂಪು ಹತ್ತಿತು. ಕನಸೋ ಏನೋ, ಬಳ್ಳಿಗಳು ಮಗ್ಗದ ಹಾಸಿನ ಎಳೆಗಳಾಗಿ ಇಳಿದು ಬಂದವು, ಅವ್ವ ಲಾಳಿ ಎಸೆಯುತ್ತಿದ್ದಳು, ಕಿಟಕಿಯಿಂದ ನವಸಾಗರದ ಹೊಗೆ ಬರುತ್ತಿತ್ತು. ಕಣ್ಣು ತೆರೆದಾಗ ಗೆಳತಿ ಕೆಳಗಿನ ಕಿಟಕಿಗೆ ಗದ್ದ ಹಚ್ಚಿ ಹೊರಗೆ ನೋಡುತ್ತಿದ್ದಳು.

"ಎಷ್ಟೊತ್ತು ಮಲಗಿದ್ನಿ?"

"ಗೊತ್ತಿಲ್ಲ. ನಾನೂ ಇಲ್ಲಿದ್ದಿಲ್ಲ" ಅಂದಳು.

ಕಾವಲಿನ ಮುದುಕ ಬಾಗಿಲಲ್ಲಿ ಕೂತಿದ್ದ. ನನ್ನನ್ನು ಎಬ್ಬಿಸಿರಲಿಲ್ಲ. ಹೋಗುವಾಗ ಪುಟ್ಟ ಬಟ್ಟಲಿನಲ್ಲಿ ಕಹಿ ಕಾಫಿ ಕೊಟ್ಟು, ಎಲ್ಲಿಯವರು ಅಂತ ಗೆಳತಿಯನ್ನು ಅರಬ್ಬಿಯಲ್ಲಿ ಕೇಳಿದ. ಅವಳ ಅರಬ್ಬಿ ಕೇಳುವುದೇ ನನಗೆ ಸೋಜಿಗ. ಅದರ ಎಳೆತವೆಲ್ಲ ನಮ್ಮ ಓಣಿಯದ್ದು. ನಮ್ಮೂರಲ್ಲೂ ಕೋಟೆ ಇದೆ ಅಂತ ಅವಳು ಹೇಳಿದಳಂತೆ. ಅದರಲ್ಲಿ ಯಾರಿದ್ದರು ಅಂತ ಅವನು ಕೇಳಿದನಂತೆ.

"ಏನಂದಿ ಮತ್ತ?"

"ನಾವ ಇದ್ವಿ ಅಂದ್ನಿ."

ದಿನಾ ಸಂಜೆ ಮನೆಗೆ ಬಂದಾಗ ಬಹ್ಲಾದ ಕೋಟೆ ನಮ್ಮ ಎದುರಿಗೇ ಇರುತ್ತಿತ್ತು. ಇದನ್ನು ಯಾವಾಗ ನೋಡುವುದು ಅಂತ ನಾನು ಕೇಳಿದಾಗೊಮ್ಮೆ, "ನಾಳೆ ನೋಡೂಣು, ಅದೆಲ್ಲಿ ಓಡಿ ಹೊಕ್ಕೈತಿ" ಅನ್ನುತ್ತಿದ್ದಳು. ಮತ್ತೆ ಮರುದಿನ ಬೇರೆ ಎಲ್ಲಿಗೋ ಕರೆದುಕೊಂಡು ಹೋಗುತ್ತಿದ್ದಳು. ಬಿಟ್ಟುಹೋದ ಮಣ್ಣಿನ ಊರೊಂದನ್ನು ನೋಡಿದೆವು, ಚಾವಣಿ ಕುಸಿದ ಮನೆಗಳ ನಡುವೆ ನೀರಿನ ಕಾಲುವೆ ಮಾತ್ರ ಇನ್ನೂ ಹರಿಯುತ್ತಿತ್ತು. ಅದರಲ್ಲಿ ಮುಖ ತೊಳೆದುಕೊಂಡೆವು. ಪಕ್ಕದ ಮನೆಯ ಅರಬ್ಬಿ ಅಜ್ಜಿ ಚಹಾ ಕುಡಿಯಲು ಕರೆದು, ಬಹ್ಲಾದ ಊರಗೋಡೆಯನ್ನು ಜಿನ್ನುಗಳು ಒಂದೇ ರಾತ್ರಿಯಲ್ಲಿ ಕಟ್ಟಿದ್ದು ಅಂತ ಕತೆ ಹೇಳಿದಳು. ಸಂತೆಯಲ್ಲಿ ಒಂದು ಮರವನ್ನು ಜಿನ್ನುಗಳು ಹೊತ್ತೊಯ್ಯದ ಹಾಗೆ ಸರಪಳಿಯಿಂದ ಕಟ್ಟಿದ್ದರಂತೆ. ಗೆಳತಿ ಅದನ್ನು ಕನ್ನಡದಲ್ಲಿ ನನಗೆ ಹೇಳುತ್ತ, "ಹೊಸದಾಗಿ ಬಂದಾಗ ಖರೇ ಅಂತ ನಂಬಿದ್ನಿ. ಗಾಳಿ ಬಂದ್ರ ಅವರ ಬಂದ್ರು ಅನಸತಿತ್ತು" ಅಂದಳು.

ನಾನು ಹೊರಡಲು ಮೂರ್ನಾಲ್ಕು ದಿನ ಉಳಿದಿದ್ದಾಗ ಒಂದು ಮುಂಜಾನೆ ಅವಳೇ ಬುರ್ಖಾ ಹಾಕಿಕೊಂಡು ತಯಾರಾಗಿ ನಿಂತಿದ್ದಳು. "ನಡಿ, ಕ್ವಾಟಿಗೆ ಹೋಗೂಣು" ಅಂದಳು. ಭಾಯಿ ಆಗಲೇ ಅಂಗಡಿಯಲ್ಲಿದ್ದರು, ಮಷೀನಿನ ಸಪ್ಪಳ ಕೇಳಿಸುತ್ತಿತ್ತು. ಅವರಿಗೆ ಹೇಳಲಿಲ್ಲ.

ಒಳಗೆ ನಮ್ಮನ್ನು ಬಿಟ್ಟರೆ ಯಾರೂ ಇರಲಿಲ್ಲ. ನಿಜ್ವಾದ ಹಾಗೆ ಇಲ್ಲಿ ಬರೆದು ಹಾಕಿದ್ದು ಏನೂ ಇಲ್ಲ, ಸಾಮಾನು ಇಲ್ಲ. ಬರೀ ಮಣ್ಣಿನ ಕೋಣೆಗಳು, ಬಾವಿಗಳು, ಎಲ್ಲಿಗೋ ಹೋಗಿ ಗೋಡೆಗೆ ಮುಗಿಯುವ ಮೆಟ್ಟಿಲುಗಳು. ನಮ್ಮ ಹೆಜ್ಜೆಯ ಸಪ್ಪಳವನ್ನು ಮಣ್ಣು ನುಂಗುತ್ತಿತ್ತು. ಮಾತಾಡಿದರೆ ಮಾತೂ ಹಾಗೇ ಹತ್ತಿರದಲ್ಲೇ ಬಿದ್ದುಹೋಗುತ್ತಿತ್ತು. ನಾನು ನಿಂತು ನಿಂತು ನೋಡುತ್ತಿದ್ದೆ. ಅವಳು ಎಲ್ಲೂ ನಿಲ್ಲಲಿಲ್ಲ. ದಾರಿ ಗೊತ್ತಿದ್ದವಳ ಹಾಗೆ ಮೇಲೆ ಮೇಲೆ ಹತ್ತುತ್ತಲೇ ಹೋದಳು. ತೀರ ಎತ್ತರದ ಬುರುಜಿಗೆ ಬಂದಾಗ ಗೋಡೆಯ ಅಂಚಿಗೆ ಹೋಗಿ, ಊರಿನ ಕಡೆ ಅಲ್ಲ, ಹಿಂದಿನ ಬಯಲಿನ ಕಡೆ ಮುಖ ಮಾಡಿ ನಿಂತಳು.

ನಾನು ಹೋಗಿ ಪಕ್ಕದಲ್ಲಿ ನಿಂತೆ. ಕೆಳಗೆ ಒಂದು ಅಗಲವಾದ ಬಯಲು. ಅದರಲ್ಲಿ ಸಾಲು ಸಾಲಾಗಿ ಸಣ್ಣ ಕಲ್ಲುಗಳನ್ನು ನಿಲ್ಲಿಸಿದ್ದರು. ಕೆತ್ತಿದ ಕಲ್ಲಲ್ಲ, ಗುಡ್ಡದಿಂದ ಆಯ್ದು ತಂದ ಹಾಗಿನ ಕಲ್ಲು. ಹೆಸರಿಲ್ಲ, ಸುಣ್ಣವಿಲ್ಲ. ಅದು ಖಬರಸ್ತಾನ ಅನ್ನುವುದು ನನಗೆ ಹೊಳೆಯಲು ತುಸು ಹೊತ್ತು ಬೇಕಾಯಿತು. ಹೊಳೆದ ಕೂಡಲೇ ಉಳಿದದ್ದೂ ಹೊಳೆಯಿತು.

ಅವಳು ಒಮಾನಿಗೆ ಹೋದ ಎರಡನೆಯ ವರ್ಷ ಗಜೇಂದ್ರಗಡದ ನಮ್ಮ ಓಣಿಗೆ ಸುದ್ದಿ ಬಂದಿತ್ತು. ಹೆಣ್ಣು ಕೂಸು ಹುಟ್ಟಿ, ಹೆಸರಿಟ್ಟು, ಒಂದು ವಾರದಲ್ಲಿ ಹೋಯಿತಂತೆ ಅಂತ. ಮುಂದಿನ ಬೇಸಿಗೆಗೆ ಅವಳು ಬಂದಾಗ ನಾನು ಅದರ ಮಾತು ತೆಗೆಯಲಿಲ್ಲ. ನೋವಾದೀತು ಅಂತ ನಾನು ಸುಮ್ಮನಿದ್ದೆ, ಯಾರೂ ಕೇಳುತ್ತಿಲ್ಲವಲ್ಲ ಅಂತ ಅವಳು ಸುಮ್ಮನಿದ್ದಳು. ಆಮೇಲೆ ಇನ್ನೊಬ್ಬ ಮಗಳು ಹುಟ್ಟಿದಳು, ಬೆಳೆದಳು, ಈಗ ಹುಬ್ಬಳ್ಳಿಯಲ್ಲಿ ಸಂಸಾರ ಮಾಡಿಕೊಂಡಿದ್ದಾಳೆ. ಮೊದಲನೆಯದರ ಮಾತು ಹಾಗೇ ಉಳಿದುಹೋಯಿತು.

"ಇಲ್ಲೇ ಅದಾಳ" ಅಂದಳು ಗೆಳತಿ.

"ನೀ ಹೋಗೀ ಏನು ಅಲ್ಲಿಗೆ?"

"ಹೆಣ್ಣುಮಕ್ಕಳು ಒಳಗ ಹೋಗೂ ರೂಢಿ ಇಲ್ಲ. ಆವಾಗ ನಾ ದವಾಖಾನ್ಯಾಗ ಬಿದ್ದಿದ್ನಿ. ಇವರು, ಮತ್ತ ಬಾಜೂ ಅಂಗಡಿಯವರು ನಾಕು ಮಂದಿ ಕೂಡಿ ಮಣ್ಣ ಮಾಡಿ ಬಂದ್ರು. ಎಲ್ಲಿ ಅಂತ ಒಮ್ಮೆ ಕೇಳಿದ್ನಿ. ಕ್ವಾಟಿಯ ದೊಡ್ಡ ಬುರುಜಿನ ನೇರಕ್ಕ, ಒಂದು ಬಾರಿ ಗಿಡದ ಹತ್ತರ ಅಂದ್ರು. ಮತ್ತ ಕೇಳಲಿಲ್ಲ. ಅವರ ಮಾರಿ ನೋಡಿ ಕೇಳಾಕ ಆಗಲಿಲ್ಲ."

ನಾವಿಬ್ಬರೂ ಆ ಬೋರೆ ಹಣ್ಣಿನ ಗಿಡ ಹುಡುಕಿದೆವು. ಇರಲಿಲ್ಲ. ಖಬರಸ್ತಾನ ಆಗಿನದಕ್ಕಿಂತ ಬೆಳೆದಿರಬೇಕು. ಸುತ್ತ ಹೊಸ ಗೋಡೆ, ಒಂದು ಬದಿಗೆ ಡಾಂಬರು ರಸ್ತೆ. ಬುರುಜಿನ ನೇರಕ್ಕೆ ಅಂದರೆ ಯಾವ ನೇರ? ಒಂದು ಹೆಜ್ಜೆ ಅತ್ತ ಸರಿದರೆ ಬೇರೆ ಕಲ್ಲುಗಳು ನೇರಕ್ಕೆ ಬರುತ್ತಿದ್ದವು. ಅವಳು ಗೋಡೆಯ ಉದ್ದಕ್ಕೂ ಅತ್ತಿಂದಿತ್ತ ಓಡಾಡಿ, ಒಂದೊಂದು ಕಿಂಡಿಯಲ್ಲೂ ಇಣುಕಿದಳು. ಕಲ್ಲುಗಳೆಲ್ಲ ಒಂದೇ ತರಹ. ಬಿಸಿಲು ಏರಿತು. ಕಲ್ಲುಗಳ ನೆರಳು ಸಣ್ಣದಾಗುತ್ತ ಹೋಯಿತು.

"ಇಷ್ಟ ವರ್ಷ ಮ್ಯಾಲ ಬಂದ್ರ ಕಾಣತಾಳ ಅಂದಕೊಂಡು ಬರಲಿಲ್ಲ" ಅಂದಳು ಕೊನೆಗೆ. "ಹೋಗೂಮುಂದ ಒಮ್ಮೆ ನೋಡೂಣು ಅಂತ ನಿನ್ನ ಕರಿಸಿದ್ನಿ. ಈಗ ನೋಡಿದ್ರ ಕಾಣವಲ್ಲಳು."

ಅವಳು ಅಳಲಿಲ್ಲ. ಅತ್ತಿದ್ದರೆ ನನಗೆ ಸಮಾಧಾನ ಮಾಡಲು ಏನಾದರೂ ಸಿಗುತ್ತಿತ್ತು. ಅವಳ ಅಂಗೈಗೆ ಗೋಡೆಯ ಮಣ್ಣು ಹತ್ತಿತ್ತು. ಅದನ್ನು ಒರೆಸಿಕೊಳ್ಳದೆ ಹಾಗೇ ಇಳಿದಳು. ನಾನು ಹಿಂದೆ ಇಳಿದೆ.

ಮಧ್ಯಾಹ್ನ ಊಟಕ್ಕೆ ಭಾಯಿ ಮೇಲೆ ಬಂದರು. ನಾನು ತಂದಿದ್ದ ರೊಟ್ಟಿಯನ್ನೇ ತುಸು ನೀರು ಚಿಮುಕಿಸಿ ಮೆತ್ತಗೆ ಮಾಡಿ ಬಡಿಸಿದ್ದಳು. ಅರ್ಧ ಊಟ ಆಗಿತ್ತು. ಗೆಳತಿ ತಟ್ಟೆ ನೋಡುತ್ತಲೇ, "ಇವತ್ತ ಕ್ವಾಟಿ ಹತ್ತಿದ್ವಿ" ಅಂದಳು.

ಭಾಯಿಯ ಕೈ ನಿಂತಿತು.

"ಬಾರಿ ಗಿಡ ಇಲ್ಲ ಅಲ್ಲಿ" ಅಂದಳು.

"ಅದು ಹೋಗಿ ಭಾಳ ವರ್ಷ ಆತು" ಅಂದರು ಭಾಯಿ. "ರಸ್ತಾ ಮಾಡೂಮುಂದ ಕಡದ್ರು."

"ನಿಮಗ ಹ್ಯಾಂಗ ಗೊತ್ತು?"

ಭಾಯಿ ನೀರು ಕುಡಿದರು. ನಾನು ಏಳಲೋ ಬೇಡವೋ ಅಂತ ತಿಳಿಯದೆ ಕೂತಿದ್ದೆ. ಅವರು ನನ್ನ ಕಡೆ ನೋಡಿ, "ಕೂಡ್ರಿ ಅಕ್ಕಾರ, ನಿಮ್ಮ ಮುಂದ ಹೇಳಿದ್ರ ನಡೀತೈತಿ" ಅಂದರು. ಆಮೇಲೆ ಹೆಂಡತಿಗೆ, "ನಾ ಹೊಕ್ಕಿರತೀನಿ. ಶುಕ್ರವಾರ ನಮಾಜ್ ಮುಗಿಸಿ ಬರೂದು ತಡಾ ಆಕ್ಕೈತಲ್ಲ, ಅಲ್ಲಿಗೆ ಹೋಗಿ ಬರತೀನಿ" ಅಂದರು.

"ಯಾವಾಗಿಂದ?"

"ಆವಾಗಿಂದನ."

ಅವಳು ಗಂಡನನ್ನೇ ನೋಡುತ್ತ ಕೂತಳು. ಮೂವತ್ತು ವರ್ಷದ ಶುಕ್ರವಾರಗಳು ಅವಳ ಕಣ್ಣ ಮುಂದೆ ಒಂದೊಂದಾಗಿ ಹಾದುಹೋದವೇನೋ. ತಡವಾಗಿ ಬಂದದ್ದಕ್ಕೆ ಅವಳು ಸಿಟ್ಟು ಮಾಡಿದ ಶುಕ್ರವಾರಗಳೂ ಅದರಲ್ಲಿ ಇದ್ದಿರಬೇಕು.

"ನನಗ್ಯಾಕ ಹೇಳಲಿಲ್ಲ?"

"ನೀ ಕಿಟಕಿ ಪರದಾ ಸೈತ ತಗೀತಿದ್ದಿಲ್ಲ" ಅಂದರು ಭಾಯಿ, ಮೆಲ್ಲಗೆ. "ಹ್ಯಾಂಗ ಹೇಳಲಿ? ನೀ ಮರೀಲಿ ಅಂತ ಬಿಟ್ನಿ. ನೀ ಮರತಿಲ್ಲ ಅನ್ನೂದು ನನಗೇನ ಗೊತ್ತಿದ್ದಿಲ್ಲೇನು, ಗೊತ್ತಿತ್ತು."

ಕೆಳಗೆ ಯಾರೋ ಗಿರಾಕಿ ಬಂದು ಕರೆದರು. ಭಾಯಿ ಏಳಲಿಲ್ಲ. ಗಿರಾಕಿ ಎರಡು ಸಲ ಕರೆದು ಹೋದ.

ಮರುದಿನ ಶುಕ್ರವಾರವೇನೂ ಆಗಿರಲಿಲ್ಲ. ಆದರೂ ಭಾಯಿ ಅಂಗಡಿ ತೆರೆಯಲಿಲ್ಲ. ಮೂವರೂ ಕೋಟೆಗೆ ಹೋದೆವು. ಅವರೂ ಅದರೊಳಗೆ ಕಾಲಿಟ್ಟದ್ದು ಅದೇ ಮೊದಲು. ಟೇಲರ್ ಕೆಲಸ ಮಾಡಿ ಮಾಡಿ ಅವರ ಮಂಡಿ ನೋಯುತ್ತಿತ್ತು, ನಿಂತು ನಿಂತು ಹತ್ತಿದರು. ಬುರುಜಿನ ಮೇಲೆ ಬಂದು ಅಂಚಿನಲ್ಲಿ ನಿಂತು ಕೆಳಗೆ ನೋಡಿದರು. ಬೆರಳು ಮಾಡಿ ತೋರಿಸಲು ನೋಡಿದರು. "ಅಲ್ಲಿ, ಆ ಸಾಲಿನ್ಯಾಗ... ಅಲ್ಲ, ಅದರ ಹಿಂದ..." ಆದರೆ ಇಷ್ಟು ವರ್ಷ ಅವರು ಅದನ್ನು ನೆಲದ ಮೇಲಿಂದ ನೋಡಿದವರು. ಮೇಲಿಂದ ನೋಡಿದರೆ ಅವರಿಗೂ ಗುರುತು ಹತ್ತಲಿಲ್ಲ.

"ಇಲ್ಲೇ ಇರ್ರಿ ಇಬ್ಬರೂ" ಅಂದರು. "ನಾ ಹೊಕ್ಕೀನಿ ಕೆಳಗ."

ಅವರು ಇಳಿದು ಹೋದರು. ಕೋಟೆಯ ಬಾಗಿಲು ದಾಟಿ, ಸುತ್ತು ಹಾಕಿ, ರಸ್ತೆಯ ಗುಂಟ ಬಂದು ಖಬರಸ್ತಾನದ ಗೇಟಿನಲ್ಲಿ ಕಾಣಿಸಲು ತುಂಬ ಹೊತ್ತು ಹಿಡಿಯಿತು. ಬಿಳಿ ಜುಬ್ಬಾ, ಬಿಳಿ ಟೋಪಿ. ಅಷ್ಟು ಎತ್ತರದಿಂದ ಅವರು ಒಂದು ಎಳೆ ನೂಲಿನಷ್ಟೇ ಇದ್ದರು. ಗೆಳತಿ ಗೋಡೆಗೆ ಎದೆ ಒತ್ತಿ ನಿಂತಿದ್ದಳು. ಗಾಳಿ ಇರಲಿಲ್ಲ. ಪಾರಿವಾಳಗಳು ಎಲ್ಲಿಗೆ ಹೋಗಿದ್ದವೋ, ಒಂದೂ ಕಾಣುತ್ತಿರಲಿಲ್ಲ.

ಭಾಯಿ ಕಲ್ಲುಗಳ ನಡುವೆ ನಡೆದರು. ಎಲ್ಲೂ ತಡವರಿಸಲಿಲ್ಲ, ಮನೆಯೊಳಗೆ ಕತ್ತಲಲ್ಲಿ ನೀರಿನ ಕೊಡ ಇರುವ ಕಡೆ ನಡೆದ ಹಾಗೆ ನಡೆದರು. ಒಂದು ಕಡೆ ನಿಂತರು. ತಲೆ ಬಾಗಿಸಿ ಒಂದಿಷ್ಟು ಹೊತ್ತು ಹಾಗೇ ಇದ್ದರು. ಆಮೇಲೆ ನಮ್ಮ ಕಡೆ ತಿರುಗಿ ಬಲಗೈಯನ್ನು ಪೂರ್ತಿ ಮೇಲೆ ಎತ್ತಿದರು.

ಎತ್ತಿದ ಕೈ ಇಳಿಸಲಿಲ್ಲ. ಹೆಂಡತಿ ಸರಿಯಾಗಿ ನೋಡಿಕೊಳ್ಳಲಿ ಅಂತ ಕಂಬದ ಹಾಗೆ ನಿಂತುಬಿಟ್ಟರು.

ನನ್ನ ಗೆಳತಿ ನೋಡಿದಳು. ಅವರ ಕಾಲ ಬಳಿ ಕೂಸಿನ ಸಣ್ಣ ಕಲ್ಲುಗಳಿದ್ದವೋ ಇಲ್ಲವೋ, ಅಷ್ಟು ದೂರದಿಂದ ನನಗೆ ಕಾಣಲಿಲ್ಲ. ಅವಳಿಗೆ ಕಂಡಿತು ಅಂತ ನಾನು ನಂಬಿದ್ದೇನೆ. ಅವಳ ತುಟಿ ಅಲುಗುತ್ತಿತ್ತು. ಮೊದಲು ದುವಾ ಓದಿದಳು, ಆಮೇಲೆ ಒಂದು ಹೆಸರು ಹೇಳಿದಳು. ಆ ಹೆಸರನ್ನು ನಾನು ಮೊದಲ ಸಲ ಕೇಳಿದ್ದು ಆಗ. ನಮ್ಮ ಮಕ್ಕಳನ್ನು ಊಟಕ್ಕೆ ಕರೆಯುವಾಗ ನಾವು ದನಿ ಎಳೆಯುತ್ತೇವಲ್ಲ, ಹಾಗೆ ಸ್ವಲ್ಪ ಎಳೆದು ಹೇಳಿದಳು. ಆಮೇಲೆ ಅವಳೂ ಕೈ ಎತ್ತಿದಳು. ಅವಳ ಕೈ ಕಂಡ ಮೇಲೆಯೇ ಭಾಯಿ ತಮ್ಮ ಕೈ ಇಳಿಸಿದ್ದು.

ಆಗ ಅತ್ತಳು. ನಾನು ಹಿಡಿದುಕೊಂಡೆ. ಆ ಮಣ್ಣಿನ ಗೋಡೆಗೆ ಒರಗಿ ನಾವಿಬ್ಬರೂ ಎಷ್ಟು ಹೊತ್ತು ಕೂತಿದ್ದೆವು ಅನ್ನುವುದು ನನಗೆ ನೆನಪಿಲ್ಲ. ಗೋಡೆ ಬಿಸಿಲಿಗೆ ಬೆಚ್ಚಗಾಗಿತ್ತು, ಮೈ ಇರುವ ಯಾವುದೋ ಜೀವದ ಹಾಗೆ. ಭಾಯಿ ಮತ್ತೆ ಹತ್ತಿ ಬರಲಿಲ್ಲ. ನಾವು ಇಳಿದಾಗ ಬಾಗಿಲ ಹತ್ತಿರ ಕಟ್ಟೆಯ ಮೇಲೆ ಕೂತಿದ್ದರು. ಮೂರು ಬಾಟಲಿ ನೀರು ಕೊಂಡು ಇಟ್ಟುಕೊಂಡಿದ್ದರು.

"ಕಂಡಳೇನು?" ಅಂದರು.

"ಕಂಡಳು" ಅಂದಳು.

ನಾನು ಊರಿಗೆ ಬಂದ ಎರಡು ತಿಂಗಳಿಗೆ ಅವರೂ ಬಂದರು. ಈಗ ನರಗುಂದದ ತಮ್ಮ ಮನೆಯಲ್ಲಿದ್ದಾರೆ. ಭಾಯಿ ಮುಂದಿನ ಕೋಣೆಯಲ್ಲಿ ಮಷೀನ್ ಹಾಕಿಕೊಂಡಿದ್ದಾರೆ. ಅವರು ಹೊಲಿದ ಅಂಗಿಗೆ ಅರಬ್ಬಿ ಕೊರಳು ಬರುತ್ತದೆ ಅಂತ ಗಿರಾಕಿಗಳು ತಕರಾರು ಮಾಡುತ್ತಾರಂತೆ, ಆದರೂ ಬರುತ್ತಾರಂತೆ. ಹುಬ್ಬಳ್ಳಿಯ ಮಗಳು ಹದಿನೈದು ದಿನಕ್ಕೊಮ್ಮೆ ಮೊಮ್ಮಗನನ್ನು ಕರೆದುಕೊಂಡು ಬರುತ್ತಾಳೆ.

ನನ್ನ ಗೆಳತಿಗೆ ಒಮಾನಿನಲ್ಲಿ ಹತ್ತಿದ ಹಳೆಯ ಕಟ್ಟಡ ನೋಡುವ ಹುಚ್ಚು ಬಿಟ್ಟಿಲ್ಲ. ಈ ಸಲದ ಚಳಿಗಾಲದಲ್ಲಿ ನಾನು ನರಗುಂದಕ್ಕೆ ಹೋಗಿದ್ದಾಗ, ರೋಣದಲ್ಲಿ ಹಳೇ ಗುಡಿಗಳಿವೆಯಂತೆ, ಹೋಗೋಣ ನಡಿ ಅಂದಳು. ಹುಟ್ಟಿದಾಗಿನಿಂದ ರೋಣದ ಮೇಲೆ ಹಾದು ಹೋದವರು ನಾವು, ಇಳಿದು ನೋಡಿದ್ದಿಲ್ಲ. ಬಸ್ಸು ಹಿಡಿದೆವು. ಎರಡೂ ಕಡೆ ಎರೆ ಹೊಲ, ಕಡಲೆ, ಬಿಳಿಜೋಳ. ನಮ್ಮ ಪಕ್ಕದ ಸೀಟಿನಲ್ಲಿ ಒಬ್ಬ ಹೆಣ್ಣುಮಗಳು ಮಡಿಲಲ್ಲಿ ಹಸಿ ಕಡಲೆ ಗಿಡದ ಹೊರೆ ಇಟ್ಟುಕೊಂಡು ಕೂತಿದ್ದಳು. ಮುಶಿಗೇರಿಯ ತವರಿಗೆ ಹೊರಟವಳಂತೆ. ನಮಗೂ ಒಂದೊಂದು ಹಿಡಿ ಕೊಟ್ಟಳು. ಸುಲಿದು ತಿನ್ನುತ್ತ ಮಾತಿಗೆ ಬಿದ್ದೆವು.

"ಎಷ್ಟ ಮಕ್ಕಳ್ರಿ ನಿಮಗ?" ಅಂತ ಗೆಳತಿಯನ್ನು ಕೇಳಿದಳು.

"ಇಬ್ಬರು ಹೆಣ್ಣುಮಕ್ಕಳ್ರಿ."

ನಾನು ಸುಲಿಯುವುದನ್ನು ನಿಲ್ಲಿಸಿದೆ. ಅವಳು ನಿಲ್ಲಿಸಲಿಲ್ಲ.

"ಎಲ್ಲಿ ಕೊಟ್ಟೀರಿ?"

"ಸಣ್ಣಾಕಿ ಹುಬ್ಬಳ್ಳ್ಯಾಗ ಇರತಾಳ್ರಿ. ದೊಡ್ಡಾಕಿ ಒಮಾನದಾಗ."

"ಅಷ್ಟ ದೂರ?"

"ಹೌದ್ರಿ, ದೂರ ಆತು. ಅಲ್ಲೇ ಹುಟ್ಟಿದಾಕಿ, ಅಲ್ಲೇ ಅದಾಳ."

ಆ ಹೆಣ್ಣುಮಗಳು ತಲೆಯಾಡಿಸಿ, ಮಕ್ಕಳು ಎಲ್ಲಿದ್ದರೇನು ಸುಖವಾಗಿದ್ದರೆ ಸಾಕು ಅನ್ನುವ ಅರ್ಥದ ಏನೋ ಮಾತು ಹೇಳಿದಳು. ನನ್ನ ಗೆಳತಿ ಹೂಂ ಅಂದಳು. ಕಿಟಕಿಯಿಂದ ಬಿಸಿಲು ಅವಳ ಮಡಿಲಿಗೆ ಬೀಳುತ್ತಿತ್ತು, ಕಡಲೆಯ ಹಸಿರು ಸಿಪ್ಪೆ ಅಲ್ಲಿ ರಾಶಿಯಾಗುತ್ತಿತ್ತು. ಕಂಡಕ್ಟರ್ ರೋಣ ಅಂತ ಕೂಗಿದ. ಅವಳು ಸಿಪ್ಪೆಯನ್ನೆಲ್ಲ ಸೆರಗಿನಲ್ಲಿ ಒಟ್ಟುಮಾಡಿಕೊಂಡು, "ಇಳಿಯೂಣೇನು?" ಅಂದಳು.